ಪೀಸ್ ಲೆಕ್ಕದ ಇನ್ಸೆಂಟಿವ್: ಬಂಡಲ್ ರಾಶಿ ಬೀಳುತ್ತೆ, ಶರ್ಟ್ ಮಾತ್ರ ಅಷ್ಟೇ. ಯಾಕೆ?

ಪ್ರಶ್ನೆ (ಲೈನ್ ಸೂಪರ್‌ವೈಸರ್)
ಗಾರ್ಮೆಂಟ್ ಫ್ಯಾಕ್ಟರಿಯ ಶರ್ಟ್ ಲೈನ್. 30 ಟೈಲರ್‌ಗಳು, ದಿನಕ್ಕೆ 480 ನಿಮಿಷ, ಎಸ್‌ಎಎಮ್ (ಒಂದು ಶರ್ಟ್ ಹೊಲಿಯೋಕೆ ನಿಗದಿಯಾದ ಒಟ್ಟು ನಿಮಿಷ) 18. ದಿನಕ್ಕೆ 440 ಪೀಸ್ ಬರುತ್ತೆ, ಅಂದರೆ 55% ಎಫಿಶಿಯೆನ್ಸಿ. ಒಬ್ಬೊಬ್ಬರಿಗೂ ಪೀಸ್ ಲೆಕ್ಕದಲ್ಲಿ ಇನ್ಸೆಂಟಿವ್ ಶುರು ಮಾಡಿದ ಮೇಲೂ ಅದೇ 440. ಆಲ್ಟರ್ (ತಪ್ಪಾಗಿ ಮತ್ತೆ ಹೊಲಿಯಬೇಕಾದ ಪೀಸ್) ಮಾತ್ರ ದುಪ್ಪಟ್ಟು. ದುಡ್ಡು ಕೊಡೋದೇ ತಪ್ಪಾ, ಕೊಡೋ ರೀತಿ ತಪ್ಪಾ?

ಉತ್ತರ (ಹೊಲಿಗೆ ಲೆಕ್ಕ)
ರೀತಿ ತಪ್ಪು. ಎಲ್ಲಕ್ಕಿಂತ ನಿಧಾನದ ಆಪರೇಷನ್ ಎಷ್ಟು ಕೊಡುತ್ತೋ ಲೈನ್ ಅಷ್ಟೇ ಕೊಡೋದು. ಕಾಲರ್ ಅಟ್ಯಾಚ್‌ನಲ್ಲಿ ಗಂಟೆಗೆ 55 ಆಗ್ತಿದ್ದರೆ, ಕಫ್‌ನವರು 80 ಹೊಲಿದರೂ ಆ ಕಫ್‌ಗಳು ಶರ್ಟ್‌ಗೆ ಕಾಯುತ್ತಾ ಗುಡ್ಡೆ ಬೀಳುತ್ತವೆ ಅಷ್ಟೆ. ಮೊದಲು ಅಲ್ಲಿಗೆ ಇನ್ನೊಬ್ಬರನ್ನು ಕೂರಿಸಿ.

ಆಮೇಲೆ ಇಡೀ ಲೈನಿಗೆ ಒಂದೇ ಲೆಕ್ಕ: ಕೊನೆಯ ಚೆಕಿಂಗ್‌ನಲ್ಲಿ ಮೊದಲ ಸಲಕ್ಕೇ ಪಾಸಾದ ಪೀಸ್ × 18 ÷ (30 × 480). ಆಲ್ಟರ್ ಆದದ್ದು ಲೆಕ್ಕಕ್ಕಿಲ್ಲ. 60% ಅಂದರೆ 480 ಪೀಸ್, ಅಲ್ಲಿಂದ ದುಡ್ಡು ಶುರುವಾಗಲಿ. 75%, ಅಂದರೆ 600 ಪೀಸ್‌ಗೆ ಇಟ್ಟರೆ ಆಗದ ಮಾತು ಅಂತ ಮೊದಲ ದಿನವೇ ಕೈಬಿಡ್ತಾರೆ. ಹೆಲ್ಪರ್‌ಗಳಿಗೂ ಪಾಲಿರಲಿ. ಚೆಕ್ಕರ್‌ಗೆ ಮಾತ್ರ ಪೀಸ್ ಮೇಲೆ ಬೇಡ, ಕೆಟ್ಟದ್ದೂ ಪಾಸಾಗಿಬಿಡುತ್ತೆ.

ಉತ್ತರ (ಗಾಜು_ದಾರ)
ಒಬ್ಬೊಬ್ಬರ ಲೆಕ್ಕ ಕೆಲಸ ಮಾಡೋ ಜಾಗವೂ ಇದೆ. ಅಮೆರಿಕದ ಸೇಫ್‌ಲೈಟ್ ಕಂಪನಿ 1994-95ರಲ್ಲಿ ಕಾರಿನ ಗಾಜು ಕೂರಿಸೋರಿಗೆ ಗಂಟೆ ಸಂಬಳ ಬಿಟ್ಟು ಗಾಜಿಗಿಷ್ಟು ಅಂತ ಮಾಡಿತು. ತಲಾ ಕೆಲಸ 44% ಏರಿತು ಅಂತ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಝಿಯರ್ ಲೆಕ್ಕ ಹಾಕಿದ್ದಾರೆ. ಅದರಲ್ಲೂ ಇದ್ದವರೇ ಹೆಚ್ಚು ಮಾಡಿದ್ದು ಸುಮಾರು ಅರ್ಧ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಚುರುಕಿನವರು ಸೇರಿಕೊಂಡು, ಇದ್ದ ಚುರುಕಿನವರು ಕೆಲಸ ಬಿಡದೆ ಉಳಿದದ್ದರಿಂದ ಬಂತು. ಅಲ್ಲಿ ಒಂದು ಗಾಜಿಗೆ ಒಬ್ಬನೇ ಕೈ, ಕೆಟ್ಟರೆ ಅವನೇ ಮತ್ತೆ ಕೂರಿಸಬೇಕು. ನಿಮ್ಮ ಶರ್ಟ್ 30 ಕೈ ದಾಟುತ್ತೆ.

ಉತ್ತರ (ಬಾಬಿನ್)
ಮೇಲಿನ ಲೆಕ್ಕ ಸರಿ. ಆದರೆ ಸ್ಕೀಮ್ ಸಾಯೋದು ಬೇರೆ ಕಡೆ. 480 ಮುಟ್ಟಿದ ವಾರವೇ ಟಾರ್ಗೆಟ್ 520 ಮಾಡಿದರೆ ಮುಂದಿನ ವಾರದಿಂದ ಎಲ್ಲರೂ 470ಕ್ಕೆ ನಿಲ್ಲಿಸ್ತಾರೆ. ಅದು ಸೋಮಾರಿತನ ಅಲ್ಲ, ಲೆಕ್ಕ. ಮೆಷಿನ್ ಅಥವಾ ಹೊಲಿಯೋ ವಿಧಾನ ಬದಲಾದರೆ ಮಾತ್ರ ಎಸ್‌ಎಎಮ್ ಮುಟ್ಟಿ. ಹೊಸ ಸ್ಟೈಲ್ ಬಂದ ಮೊದಲ 3 ದಿನ ಶುರುವಿನ ಗೆರೆಯನ್ನು 35, 45, 55%ಗೆ ಇಳಿಸಿ. ಕರೆಂಟ್ ಹೋದ, ಕತ್ತರಿಸಿದ ಬಟ್ಟೆ ಬಾರದ ನಿಮಿಷಗಳನ್ನು 480ರಿಂದ ಕಳೆಯಿರಿ, ಅದು ಟೈಲರ್‌ಗಳ ತಪ್ಪಲ್ಲ.

ಇನ್ನೊಂದು ಮಾತು ಕೈಮುಗಿದು ಹೇಳ್ತೀನಿ: ದುಡ್ಡಿನ ಆಸೆಗೆ ನೀರು ಕುಡಿಯದೆ, ಬಾತ್‌ರೂಮಿಗೂ ಏಳದೆ ಕೂತುಬಿಡ್ತಾರೆ. ಬೆಳಿಗ್ಗೆ 10 ನಿಮಿಷ, ಸಂಜೆ 10 ನಿಮಿಷ ಲೈನನ್ನೇ ನಿಲ್ಲಿಸಿ. ಆಗ ಲೆಕ್ಕ 460 ನಿಮಿಷದ ಮೇಲೆ, 60% ಅಂದರೆ 460 ಪೀಸ್.