ಗೌರಿ ಹೂವಿನ ಬಳ್ಳಿ ಮನೆಯಲ್ಲಿ ಇಟ್ಟುಕೊಳ್ಳಬಹುದಾ? ಬೆಳೆದವರು ಅನುಭವ ಹೇಳಿ

ಕುಂಡದ ತೋಟ:
ಎಲ್ಲರಿಗೂ ನಮಸ್ಕಾರ. ಗೆಳತಿಯೊಬ್ಬಳು ಅಗ್ನಿಶಿಖೆಯ ಎರಡು ಗಡ್ಡೆ ಕೊಟ್ಟಿದ್ದಾಳೆ. ಗೌರಿ ಹೂ ಅಂತಾರಲ್ಲ, ಬೆಂಕಿ ಹತ್ತಿಕೊಂಡ ಹಾಗೆ ಕಾಣುವ ಕೆಂಪು ಹಳದಿ ಹೂ, ಅದೇ. ಬಾಲ್ಕನಿಯಲ್ಲಿ ಕುಂಡಕ್ಕೆ ಹಾಕೋಣ ಅಂತಿದ್ದೆ. ಆದರೆ ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ, ಗಿಡ ವಿಷ ಅಂತ ಕೇಳಿದೆ. ಅಪ್ಪನಿಗೆ ಗೌಟ್, ಕೀಲು ಊದಿ ನೋಯುವ ಕಾಯಿಲೆ. ಗೌಟ್ ಮಾತ್ರೆ ಇದರಿಂದಲೇ ಮಾಡೋದಂತೆ, ಮನೆಯಲ್ಲಿರಲಿ ಬಿಡು ಅಂತಿದ್ದಾರೆ ಅವರು. ಎಷ್ಟು ದೊಡ್ಡ ಕುಂಡ ಬೇಕು? ಇಟ್ಟುಕೊಳ್ಳಲಾ, ವಾಪಸ್ ಕೊಟ್ಟುಬಿಡಲಾ?

ಗಡಿನಾಡ ರೈತ:
ಕುಂಡದ ವಿಷಯ ನನಗೆ ಗೊತ್ತಿಲ್ಲ ಮೇಡಂ. ಔಷಧಿಗೆ ಹೋಗುವ ಇದರ ಬೀಜಕ್ಕೆ ಅಂತ ಅರ್ಧ ಎಕರೆ ಹಾಕಿ ಕೈ ಸುಟ್ಟುಕೊಂಡವನು ನಾನು, ಕೊಳ್ಳೇಗಾಲದ ಕಡೆ. ಲೆಕ್ಕದ ಪುಸ್ತಕ ಇನ್ನೂ ಇದೆ, ಅದರಲ್ಲಿರೋದನ್ನೇ ಹಾಕ್ತೀನಿ.

ಗಡ್ಡೆ 300 ಕೆಜಿ, ತಮಿಳುನಾಡಿನ ಮೂಲನೂರು ಕಡೆಯಿಂದ. ಕೆಜಿಗೆ 350ರಂತೆ 1,05,000. ಟೆಂಪೊ ಬಾಡಿಗೆ 7,500. ಕಂಬ, ತಂತಿ 62,000. ಡ್ರಿಪ್ ನೀರಾವರಿ 14,000. ಬೆಳೆಗೆ ಹೊಡೆಯುವ ಔಷಧಿ 11,400. ಹೂ ಮುಟ್ಟಿಸುವ ಕೂಲಿ 31,500. ಒಟ್ಟು 2,31,400 ರೂಪಾಯಿ.

ಮೂಟೆ ಇಳಿಸುವಾಗಲೇ ಎದೆ ಧಸಕ್ಕೆಂದಿತು. ಈ ಗಡ್ಡೆ ನೇಗಿಲಿನ ಹಾಗೆ ಬಾಗಿರುತ್ತದೆ, ಮೊಳಕೆ ಬರೋದು ತುದಿಯಲ್ಲಿ ಮಾತ್ರ. ತುದಿ ಮುರಿದರೆ ಮುಗೀತು. ಮೇಲಿನ ಮೂಟೆಗಳು ಚೆನ್ನಾಗಿದ್ದವು. ಕೆಳಗಿನವುಗಳಲ್ಲಿ ಮೂರಕ್ಕೊಂದು ಮುರಿದಿತ್ತು. ಫೋನ್ ಮಾಡಿದರೆ ಏಜೆಂಟ್ ಎತ್ತಲಿಲ್ಲ.

ಆಮೇಲೆ ಹೂ ಮುಟ್ಟಿಸುವ ಕೆಲಸ. ಹೂವಿನ ಹೆಣ್ಣು ಕಡ್ಡಿ ಬುಡದಲ್ಲೇ ಪಕ್ಕಕ್ಕೆ ಮುರಿದುಕೊಂಡು ನಿಂತಿರುತ್ತದೆ. ಗಂಡು ಪುಡಿ ತಾನಾಗಿ ಅದಕ್ಕೆ ತಾಗೋದು ಅಪರೂಪ. ಬೆಳಗ್ಗೆ ಎಂಟರಿಂದ ಹನ್ನೊಂದರೊಳಗೆ ಒಂದೊಂದು ಹೂವಿಗೂ ಕೈಯಲ್ಲೇ ಮುಟ್ಟಿಸಬೇಕು. ಇಬ್ಬರು ಹೆಂಗಸರು, 45 ದಿನ, ತಲೆಗೆ 350. ಅದರ ಮಧ್ಯೆ ಹದಿಮೂರು ದಿನ ಬಿಡದೆ ಮಳೆ. ಎಲೆ ಕಂದಿತು, ಗಡ್ಡೆ ಕೊಳೆಯಿತು. ಕೊನೆಗೆ ಕೈಗೆ ಬಂದಿದ್ದು 41 ಕೆಜಿ ಬೀಜ. ಕೆಜಿಗೆ 1,150, ಅಂದರೆ 47,150. ಕಂಬಗಳು ಇವತ್ತಿಗೂ ಹೊಲದಲ್ಲಿ ನನ್ನನ್ನು ನೋಡಿ ನಗುತ್ತಾ ನಿಂತಿವೆ.

ಐದನೇ ವರ್ಷ:
ಅಣ್ಣಾ, ಬೇಜಾರು ಮಾಡ್ಕೋಬೇಡಿ, ತಪ್ಪು ನಿಮ್ಮದೇ. ನೀರು ನಿಲ್ಲುವ ನೆಲಕ್ಕೆ ಈ ಗಡ್ಡೆ ಇಟ್ಟರೆ ಕೊಳೆಯದೆ ಇನ್ನೇನಾಗುತ್ತದೆ? ನಾನು ಕೆಂಪು ಮರಳು ಮಣ್ಣಲ್ಲಿ ಏರು ಸಾಲು ಮಾಡಿ ಕಾಲು ಎಕರೆಯಿಂದ ಶುರು ಮಾಡಿದೆ. ಕಂಬ ತಂತಿ ಇಲ್ಲ, ಬಂದರಿಕೆ ಗಿಡದ ಕಡ್ಡಿ ನೆಟ್ಟೆ, ಬಳ್ಳಿ ಅದಕ್ಕೇ ಹಬ್ಬಿತು. ಹೂ ನಾವೇ ಮುಟ್ಟಿಸಿದೆವು, ನಾನು, ನನ್ನ ಹೆಂಡತಿ, ರಜೆ ದಿನ ಮಗ. ಮೊದಲ ವರ್ಷ ನನಗೂ ನಷ್ಟವೇ. ಆದರೆ ಹಳೇ ಗಡ್ಡೆ ಸೊರಗಿ ಅದರ ಜಾಗದಲ್ಲಿ ಎರಡು ಹೊಸದು ಆಗುತ್ತವಲ್ಲ, ಎರಡನೇ ವರ್ಷ ಗಡ್ಡೆಗೆ ಒಂದು ಪೈಸೆ ಕೊಡಲಿಲ್ಲ. ಬೀಜ ನೆರಳಲ್ಲಿ ಒಣಗಿಸಿ 14 ತಿಂಗಳು ಇಟ್ಟೆ. ಪಕ್ಕದವರು ಸುಗ್ಗಿಯಲ್ಲೇ ಕೊಟ್ಟರು. ಕಾದಿದ್ದಕ್ಕೆ ಅವರಿಗಿಂತ ಕೆಜಿಗೆ 800 ಜಾಸ್ತಿ ಸಿಕ್ಕಿತು ನನಗೆ.

ಗಡಿನಾಡ ರೈತ:
14 ತಿಂಗಳು ಕಾಯೋಕೆ ಮನೆಯಲ್ಲಿ ಬೇರೆ ಆದಾಯ ಇರಬೇಕು ಸ್ವಾಮಿ. ನನ್ನದು ಸೊಸೈಟಿ ಸಾಲ. ಬೀಜ ಡಬ್ಬಿಯಲ್ಲಿಟ್ಟು ಅದರ ಮುಖ ನೋಡ್ತಾ ಕೂತರೆ ಬಡ್ಡಿ ನೀವು ಕಟ್ಟುತ್ತಿದ್ದಿರಾ?

ಸಾಗರದವಳು:
ಇವರು ಹೊಲದ ಜಗಳ ಮುಗಿಸಲಿ, ನನ್ನ ಬಳ್ಳಿಯ ಕಥೆ ಹೇಳ್ತೀನಿ. ನಮ್ಮ ಕಡೆ ಇದನ್ನು ಯಾರೂ ನೆಡುವುದಿಲ್ಲ, ಬೇಲಿ ಸಾಲಲ್ಲಿ ತಾನೇ ಬರುತ್ತದೆ. ಬೇಸಿಗೆಯಲ್ಲಿ ಸುಳಿವೇ ಇರಲ್ಲ. ಮಳೆ ಬಿದ್ದು ಸ್ವಲ್ಪ ದಿನಕ್ಕೆ ಮೊಳಕೆ ಮೂತಿ ತೂರಿಸುತ್ತದೆ, ಗೌರಿ ಹಬ್ಬದ ಹೊತ್ತಿಗೆ ಬೇಲಿ ತುಂಬಾ ಹೂ. ನಾನು ಮದುವೆಯಾಗಿ ಪೇಟೆಗೆ ಬಂದ ಮೇಲೆ ಒಂದು ಗಡ್ಡೆ ತಂದು ಟೆರೇಸಿನಲ್ಲಿ ಹಾಕಿದೆ. ಎರಡು ವರ್ಷ ಬರೀ ಎಲೆ. ಮೂರನೇ ವರ್ಷ ಹನ್ನೊಂದು ಹೂ ಬಿಟ್ಟಿತು!

ಒಂದೇ ಹೂವನ್ನು ದಿನಾ ನೋಡಬೇಕು. ಮೊದಲು ಹಸಿರು ಮೊಗ್ಗು ತಲೆ ತಗ್ಗಿಸಿರುತ್ತದೆ. ಆಮೇಲೆ ದಳಗಳು ಹಿಂದಕ್ಕೆ ಮಡಿಸಿಕೊಂಡು ಮೇಲೇಳುತ್ತವೆ, ಅಂಚು ಜಾಲರಿ ಹಾಗೆ. ಹಳದಿ ಇದ್ದದ್ದು ದಿನ ಕಳೆದಂತೆ ಪೂರ್ತಿ ಕೆಂಪು. ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ್ದನ್ನೆಲ್ಲ ಹಿಡಿದುಕೊಳ್ಳುತ್ತದೆ, ನನ್ನ ಬಟ್ಟೆ ಒಣಹಾಕುವ ಹಗ್ಗ ಈಗ ಅದರದ್ದೇ. ಒಂದು ಸಲ ಕಪ್ಪು ಮೈಯ, ಬಿಳಿ ಕೆಂಪು ಚುಕ್ಕೆಯ ಹುಳ ಬಂದು ಎರಡೇ ರಾತ್ರಿಯಲ್ಲಿ ಬಳ್ಳಿಯನ್ನು ಬೋಳು ಮಾಡಿತು. ಟಾರ್ಚ್ ಹಿಡಿದು 63 ಹುಳ ಆರಿಸಿದೆ. ನಮ್ಮಜ್ಜಿ ಹೂ ಕಿತ್ತು ತಂದವರನ್ನು ಕೈ ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ, ನಾವೆಲ್ಲ ಅಷ್ಟು ಜಾಗ್ರತೆಯಲ್ಲೇ ಬೆಳೆದೆವು. ಏನೂ ಆಗಿಲ್ಲ.

ದಸರಾ ಬೀದಿ:
ಗೌರಿ ಹೂ ಅಂದರೆ ಕರ್ಣಕುಂಡಲ ರೀ. ಗುಲಾಬಿ, ಬಿಳಿ, ನೇರಳೆ ಬಣ್ಣದಲ್ಲಿ ಬರುವ ಪುಟ್ಟ ಗಿಡ. ಕಾಯಿ ಮುಟ್ಟಿದರೆ ಪಟ್ ಅಂತ ಸಿಡಿಯುತ್ತದೆ. ಇದಕ್ಕೆ ಯಾಕೆ ಆ ಹೆಸರು ಹೇಳ್ತೀರಿ?

ಸಾಗರದವಳು:
ನಿಮ್ಮ ಕಡೆ ಅದು, ನಮ್ಮ ಕಡೆ ಇದು. ನಮ್ಮ ಗೌರಿಗೆ ಇದನ್ನೇ ಇಡೋದು. ನಿಮ್ಮನ್ನು ಕೇಳಿ ಇಡಬೇಕಿತ್ತಾ?

ಎರಡು ಮಕ್ಕಳ ತಾಯಿ:
ಹೆಸರಿನ ಜಗಳ ಸುಮ್ನೆ ಅನ್ಕೋಬೇಡಿ. ಒಂದೇ ಹೆಸರಲ್ಲಿ ಎರಡು ಗಿಡ ಇದ್ದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಹಿತ್ತಲಲ್ಲಿ ಪೈಪ್ ಹಾಕೋಕೆ ಗುಂಡಿ ತೋಡಿದಾಗ ಈ ಗಡ್ಡೆಗಳು ಮೇಲೆ ಬಂದವು. ಗೌರಿ ಹೂವಿನ ಗಡ್ಡೆ ಇರಬಹುದು ಅಂದೆ. ಕರ್ಣಕುಂಡಲಕ್ಕೆಲ್ಲಿ ಗಡ್ಡೆ, ಇದು ಗೆಣಸು ಅಂದರು ಮಾವ. ಕುಕ್ಕರಿನಲ್ಲಿ ಗೆಣಸಿನ ಜೊತೆ ಇದನ್ನೂ ಹಾಕಿದರು. ಬೇಯಿಸಿದರೆ ವಿಷ ಹೋಗಲ್ಲ, ತಿಳ್ಕೊಳ್ಳಿ. ಒಂದು ತುಂಡು ತಿಂದು, ಕಹಿ ಅಂತ ಉಳಿದದ್ದು ಬಿಸಾಕಿದರು. ಮಕ್ಕಳು ಸ್ಕೂಲಿನಲ್ಲಿದ್ದರು. ಆ ಒಂದು ಮಾತು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಸಂಜೆ ತನಕ ಏನೂ ಇಲ್ಲ. ರಾತ್ರಿ ವಾಂತಿ, ಭೇದಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಊಟದ ದೋಷ ಅಂತ ಒಂದು ಡ್ರಿಪ್ ಹಾಕಿ ಮನೆಗೆ ಕಳಿಸಿದರು, 1,800. ಎರಡನೇ ದಿನ ಮಧ್ಯಾಹ್ನ ವಾಂತಿ ಕಡಿಮೆಯಾಯಿತು, ಗುಣವಾಯ್ತು ಅಂತ ನಾವು ನಿರಾಳ. ಮೂರನೇ ದಿನ ಬಿಪಿ ಇಳಿಯಿತು, ಪ್ಲೇಟ್‌ಲೆಟ್ 38,000. ದೊಡ್ಡ ಆಸ್ಪತ್ರೆಗೆ ಓಡಿದೆವು. ಮೈದುನ ಕಸದ ಬುಟ್ಟಿಯಿಂದ ಒಂದು ಗಡ್ಡೆ ಹುಡುಕಿ ಡಬ್ಬಿಯಲ್ಲಿ ತಂದು ತೋರಿಸಿದ ಮೇಲೆಯೇ ಡಾಕ್ಟರಿಗೆ ವಿಷಯ ಗೊತ್ತಾಗಿದ್ದು. ಇದಕ್ಕೆ ಅಂತ ಮದ್ದಿಲ್ಲ, ದೇಹವನ್ನು ಹಿಡಿದು ನಿಲ್ಲಿಸಬೇಕು ಅಷ್ಟೇ ಅಂದರು. ಐಸಿಯು ಒಂಬತ್ತು ದಿನ, 3,42,000. ರಕ್ತಕ್ಕೆ ಬೇರೆ 26,000. ಮನೆಗೆ ಬಂದ ಮೇಲೆ ಒಂದು ಬೆಳಗ್ಗೆ ದಿಂಬಿನ ಕವರ್ ಮೇಲೆ ಕೂದಲು, ಹಿಡಿ ಹಿಡಿ. ಬಾಚಣಿಗೆ ಇಟ್ಟರೆ ಬುಡಸಮೇತ ಬರುತ್ತಿತ್ತು. ಆಮೇಲೆ ಮತ್ತೆ ಬೆಳೆಯಿತು ಅನ್ನಿ. ಮಾವ ಅವತ್ತಿನಿಂದ ಗೆಣಸು ಮುಟ್ಟಿಲ್ಲ.

ಸಾಗರದವಳು:
ನಿಮ್ಮ ಮಾವ ಗುಣವಾಗಿದ್ದು ದೇವರ ದಯೆ. ಆದರೆ ಅದಕ್ಕೆ ಗಿಡ ಏನು ಮಾಡೀತು? ಕಣಗಿಲೆ ಎಲ್ಲರ ಮನೆ ಮುಂದೆ ಇಲ್ವಾ? ಅದೂ ವಿಷವೇ.

ಎರಡು ಮಕ್ಕಳ ತಾಯಿ:
ಐಸಿಯು ಹೊರಗೆ ಚಾಪೆ ಹಾಸಿಕೊಂಡು ಮಲಗಿದವಳಿಗೆ ಕಣಗಿಲೆ ಉದಾಹರಣೆ ಕೊಡಬೇಡಿ.

ಹೆಬ್ಬೆರಳು:
ಗೌಟ್ ಅಂದಿರಿ, ಅಲ್ಲಿಗೆ ಬರ್ತೀನಿ. ಹನ್ನೊಂದು ವರ್ಷದಿಂದ ಗೌಟ್ ನನಗೆ. ಮೊದಲ ಸಲ ರಾತ್ರಿ ಎರಡು ಗಂಟೆಗೆ ಎಡಗಾಲಿನ ಹೆಬ್ಬೆರಳು. ಫ್ಯಾನ್ ಗಾಳಿಗೆ ಹೊದಿಕೆ ಅಲುಗಾಡಿದರೂ ಕಿರುಚುವ ಹಾಗಾಗುತ್ತಿತ್ತು. ಕಾಲ್ಚಿಸಿನ್ 0.5 ಮಿಲಿಗ್ರಾಂ ಮಾತ್ರೆ ತಿಂದೇ ಎದ್ದು ನಿಂತೆ, ಸುಳ್ಳು ಹೇಳಲ್ಲ. 1820ರಲ್ಲಿ ಇಬ್ಬರು ಫ್ರೆಂಚರು, ಪೆಲ್ಟಿಯೆ ಮತ್ತು ಕಾವಂತೂ, ಯುರೋಪಿನ ಕಾಲ್ಚಿಕಮ್ ಎಂಬ ಗಿಡದಿಂದ ಬೇರ್ಪಡಿಸಿದ ವಸ್ತು ಅದು. ಅದೇ ವಸ್ತು ನಮ್ಮ ಅಗ್ನಿಶಿಖೆಯಲ್ಲೂ ಇದೆ, ಗಡ್ಡೆಗಿಂತ ಬೀಜದಲ್ಲಿ ಜಾಸ್ತಿ.

ಆದರೆ ಮಾತ್ರೆಯೂ ಸಾಧು ಅಲ್ಲ. ಮೂರು ವರ್ಷದ ಹಿಂದೆ ಗಂಟಲು ನೋವಿಗೆ ಬೇರೊಬ್ಬ ಡಾಕ್ಟರ್ ಕ್ಲಾರಿತ್ರೊಮೈಸಿನ್ ಅನ್ನೋ ಆಂಟಿಬಯೋಟಿಕ್ ಬರೆದರು. ದಿನಾ ಕಾಲ್ಚಿಸಿನ್ ತಗೋತೀನಿ ಅಂತ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಕ್ಲಾರಿತ್ರೊಮೈಸಿನ್ ಇದ್ದರೆ ದೇಹ ಕಾಲ್ಚಿಸಿನ್ ಅನ್ನು ಹೊರಹಾಕೋಕೆ ಆಗದೆ ಅದು ಒಳಗೇ ಸೇರುತ್ತಾ ಹೋಗುತ್ತದೆ. ನನ್ನ ಕ್ರಿಯಾಟಿನಿನ್ ಮೊದಲೇ 1.6, ಕಿಡ್ನಿ ಅರೆಬರೆ. ನಾಲ್ಕನೇ ದಿನ ಭೇದಿ. ಐದನೇ ದಿನ ಕುರ್ಚಿಯಿಂದ ಏಳೋಕೆ ತೊಡೆಯಲ್ಲಿ ಬಲ ಇಲ್ಲ. ಬಿಳಿ ರಕ್ತಕಣ 1,900ಕ್ಕೆ ಇಳಿದಿತ್ತು. ಆರು ದಿನ ಆಸ್ಪತ್ರೆ, 92,000. ಇನ್ಶೂರೆನ್ಸಿನವರು 31,000 ಕಟ್ ಮಾಡಿದರು, ಅದು ಇನ್ನೊಂದು ರಾಮಾಯಣ. ಅಳೆದು ತೂಗಿ ಮಾಡಿದ ಮಾತ್ರೆಯೇ ಹೀಗೆ ಮಾಡಿತು ಅಂದರೆ ಕುಂಡದ ಗಡ್ಡೆಯಿಂದ ಔಷಧಿ ಅನ್ನುವ ಮಾತೇ ಬೇಡ. ನಿಮ್ಮ ಅಪ್ಪನಿಗೆ ಹೇಳಿ.

ಲಾಂಗಲಿ:
ಪೂರ್ತಿ ತಿಳಿಯದೆ ಹೆದರಿಸಬೇಡಿ. ಆಯುರ್ವೇದದಲ್ಲಿ ಇದು ಲಾಂಗಲಿ, ಉಪವಿಷಗಳಲ್ಲಿ, ಅಂದರೆ ಎರಡನೇ ದರ್ಜೆಯ ವಿಷಗಳಲ್ಲಿ, ಒಂದು. ಗೋಮೂತ್ರದಲ್ಲಿ ಶೋಧನೆ ಮಾಡಿ, ಅಂದರೆ ವಿಷ ತಗ್ಗಿಸಿದ ಮೇಲೆಯೇ ಬಳಸೋದು. ನಮ್ಮ ತಾತ ವೈದ್ಯರು, ಗಡ್ಡೆಯನ್ನು ಬಿಲ್ಲೆ ಮಾಡಿ ನೆನೆಹಾಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹಚ್ಚೋಕೆ ಮಾತ್ರ ಕೊಡುತ್ತಿದ್ದರು. ಬಸುರಿಯರು ಇದರ ಹತ್ತಿರ ಸುಳಿಯಬಾರದು ಅಂತ ಹೆಸರಲ್ಲೇ ಎಚ್ಚರಿಕೆ ಇದೆ, ಗರ್ಭಪಾತಿನಿ ಅಂತ. ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು.

ಹೆಬ್ಬೆರಳು:
ಗೊತ್ತಿತ್ತು, ಒಪ್ಪಿದೆ. ನೆನೆಹಾಕಿ ತೆಗೆದ ಬಿಲ್ಲೆಯಲ್ಲಿ ಎಷ್ಟು ಮಿಲಿಗ್ರಾಂ ಉಳಿದಿದೆ ಅಂತ ಅಳೆದವರು ಯಾರು? ನಿಮ್ಮ ತಾತ ಇದ್ದರೆ ಕಾಲಿಗೆ ಬಿದ್ದು ಕೇಳುತ್ತಿದ್ದೆ. ನೀವು ವೈದ್ಯರಾ?

ಲಾಂಗಲಿ:
ನಾನು ಬ್ಯಾಂಕಿನಲ್ಲಿದ್ದೇನೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಬವೇರಿಯಾ ಕನ್ನಡತಿ:
ಕಾಲ್ಚಿಕಮ್ ಹೆಸರು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ತೋಟದಲ್ಲಿ ಅದೇ ಇರೋದು, ಇಲ್ಲಿ ಹೆರ್ಬ್‌ಸ್ಟ್‌ಟ್ಸೈಟ್‌ಲೋಸೆ ಅಂತಾರೆ. ಮೂರು ಗಡ್ಡೆಗೆ ಒಂಬತ್ತು ಯೂರೊ ಕೊಟ್ಟು ಆಗಸ್ಟಿನಲ್ಲಿ ತಂದೆ. ನೆಡೋಕೆ ಮರೆತು ಕಿಟಕಿ ಕಟ್ಟೆ ಮೇಲಿಟ್ಟಿದ್ದೆ, ಮಣ್ಣು ನೀರು ಏನೂ ಇಲ್ಲದೆ ಅಲ್ಲೇ ಹೂ ಬಿಟ್ಟಿತು! ತಿಳಿ ನೇರಳೆ, ಒಂದೂ ಎಲೆ ಇಲ್ಲ, ಬರೀ ಹೂ. ಎಲೆ ಬರೋದು ಮುಂದಿನ ವಸಂತದಲ್ಲಿ.

ತೊಂದರೆ ಆ ಎಲೆಯದ್ದೇ. ಅದೇ ಸಮಯಕ್ಕೆ ಇಲ್ಲಿನ ಜನ ಕಾಡಿಗೆ ಹೋಗಿ ಬೇರ್‌ಲೌಖ್ ಎಂಬ ಕಾಡು ಬೆಳ್ಳುಳ್ಳಿ ಎಲೆ ಕೊಯ್ದು ತರುತ್ತಾರೆ. ಎರಡೂ ಹಸಿರು, ಎರಡೂ ಉದ್ದ. ತಪ್ಪಿ ತಿಂದು ಸತ್ತವರಿದ್ದಾರೆ. ವಾಸನೆ ನೋಡಿ ಅಂತಾರೆ, ಆದರೆ ನಾಲ್ಕು ಎಲೆ ಕಿತ್ತ ಮೇಲೆ ಕೈಯೇ ಬೆಳ್ಳುಳ್ಳಿ ನಾರುತ್ತದೆ, ಆಮೇಲೆ ಯಾವ ಎಲೆ ಮೂಸಿದರೂ ಅದೇ. ನೋಡಬೇಕಾದ್ದು ತೊಟ್ಟು: ಕಾಡು ಬೆಳ್ಳುಳ್ಳಿಯಲ್ಲಿ ಒಂದೊಂದು ಎಲೆಗೂ ಅದರದೇ ತೊಟ್ಟು, ಇದಕ್ಕೆ ತೊಟ್ಟೇ ಇಲ್ಲ. ನಾನು ಒಂದು ವರ್ಷ ಚಟ್ನಿ ರುಬ್ಬಿ ಮುಗಿಸಿದ ಮೇಲೆ ಬುಟ್ಟಿಯ ತಳದಲ್ಲಿ ತೊಟ್ಟಿಲ್ಲದ ಹೊಳಪಿನ ಎಲೆ ಎರಡು ಸಿಕ್ಕವು. ಚಟ್ನಿ, ಬಾಟಲಿ ಎಲ್ಲ ಕಸಕ್ಕೆ. ಮಿಕ್ಸಿ ಜಾರನ್ನೂ ಎಸೆದೆ. ಗಂಡ ಎರಡು ದಿನ ಮಾತಾಡಲಿಲ್ಲ, ಜಾರ್ ಹೊಸದಿತ್ತು.

ಊರಿಂದ ನನ್ನ ತಮ್ಮ ಫೋಟೊ ನೋಡಿ, ಅಕ್ಕಾ ಕೇಸರಿ ಬೆಳೀತಿದ್ದೀಯಾ, ಸ್ವಲ್ಪ ಕಳಿಸು ಅಂದ. ಕೇಸರಿ ಹೂವಿಗೆ ಮೂರು ಗಂಡು ಎಳೆ, ಇದಕ್ಕೆ ಆರು. ಎಣಿಸದೆ ಹಾಲಿಗೆ ಹಾಕುವವನು ಅವನು.

ಕುಂಡದ ತೋಟ:
ಎಲ್ಲರಿಗೂ ಥ್ಯಾಂಕ್ಸ್. ಕುಂಡದ ಅಳತೆ ಯಾರೂ ಹೇಳಲಿಲ್ಲ. ಅಪ್ಪನಿಗೆ ಹೆಬ್ಬೆರಳು ಸರ್ ಬರೆದದ್ದನ್ನು ಓದಿ ಹೇಳಿದೆ, ಈಗ ಅವರ ಮಾತ್ರೆಗಳ ಪಟ್ಟಿ ಮಾಡಿಕೊಂಡು ಕೂತಿದ್ದಾರೆ. ಗಡ್ಡೆ ಸದ್ಯಕ್ಕೆ ಬೀರು ಮೇಲೆ ಬೀಗ ಹಾಕಿದ ಡಬ್ಬಿಯಲ್ಲಿದೆ.

ಸಾಗರದವಳು:
ಒಂದು ಅಡಿ ಆಳ ಇದ್ದರೆ ಸಾಕಮ್ಮ, ಅಡಿಯಲ್ಲಿ ನೀರು ಬಸಿಯಬೇಕು. ಹಾಕು, ಚಂದ ಇರುತ್ತದೆ.

ಎರಡು ಮಕ್ಕಳ ತಾಯಿ:
ಮೂರು ವರ್ಷದ ಮಗು ಇರುವ ಮನೆಗೆ ಹಾಕು ಅಂತೀರಲ್ಲ! ಕಾಯಿ ಒಡೆದರೆ ಒಳಗೆ ದಾಳಿಂಬೆ ಕಾಳಿನ ಹಾಗೆ ಕೆಂಪಗೆ ಬೀಜ. ಮಗು ಬಾಯಿಗೆ ಹಾಕದೆ ಬಿಡುತ್ತದಾ?

ಸಾಗರದವಳು:
ನಾನು ಕಾಯಿ ಕಟ್ಟೋಕೇ ಬಿಡಲ್ಲ, ಹೂ ಬಾಡುತ್ತಲೇ ಕತ್ತರಿಸ್ತೀನಿ. ಹೇಳೋಕೆ ಬಿಟ್ಟರೆ ತಾನೇ.

ಐದನೇ ವರ್ಷ:
ಕಾಯಿ ಕತ್ತರಿಸ್ತಾರಂತೆ! ನಾವು ಒಂದೊಂದು ಕಾಯಿಗೆ ಬೆಳಗ್ಗೆ ಎದ್ದು ಹೂ ಮುಟ್ಟಿಸಿ ಸಾಯ್ತೀವಿ.

ಗಡಿನಾಡ ರೈತ:
ನೀವು ಸಾಯ್ತಿಲ್ಲ ಸ್ವಾಮಿ, 14 ತಿಂಗಳು ಕಾಯ್ತಿದ್ದೀರಿ.

ಹಾಗಲ ಚಪ್ಪರ:
ಗಡಿನಾಡ ಅಣ್ಣಾ, ನಾನು ಹನೂರು ಕಡೆಯವನು. ಆ ಕಂಬ ತಂತಿ ಇನ್ನೂ ಹೊಲದಲ್ಲೇ ಇದೆ ಅಂದಿರಲ್ಲ, ಹಾಗಲಕಾಯಿಗೆ ಬೇಕಿತ್ತು. ಎಷ್ಟಕ್ಕೆ ಕೊಡ್ತೀರಿ?

ಗಡಿನಾಡ ರೈತ:
40,000.

ಹಾಗಲ ಚಪ್ಪರ:
ತುಕ್ಕು ಹಿಡಿದಿರುತ್ತೆ ಅಣ್ಣ. 22ಕ್ಕೆ ಆಗಲಿ, ಕೀಳೋ ಕೂಲಿ ನಂದೇ.