ಮೈಕ್ರೋಕಂಟ್ರೋಲರ್ ಪಿನ್ನಿನಿಂದ ಋಣ ವೋಲ್ಟೇಜಿನ ಕಿರು ಪಲ್ಸ್

ಪ್ರಶ್ನೆ: 5 ವೋಲ್ಟಿನ ಮೈಕ್ರೋಕಂಟ್ರೋಲರ್ ಪಿನ್ನಿನಿಂದ, ಪ್ರತ್ಯೇಕ ಋಣ ಸಪ್ಲೈ ಇಲ್ಲದೆ, 10 ಮೈಕ್ರೋಸೆಕೆಂಡಿನ ಋಣ ಪಲ್ಸ್ ಪಡೆಯುವುದು ಹೇಗೆ? ಲೋಡ್ 10 ಕಿಲೋಓಮ್ ಇದೆ.

ಉತ್ತರ 1: ಪಿನ್ ಮತ್ತು ಔಟ್‌ಪುಟ್ ನಡುವೆ 220 ಓಮ್ ರೆಸಿಸ್ಟರನ್ನೂ 100 ನ್ಯಾನೋಫ್ಯಾರಡ್ ಕೆಪಾಸಿಟರನ್ನೂ ಸರಣಿಯಲ್ಲಿ ಇರಿಸಿ, ಔಟ್‌ಪುಟ್‌ನಿಂದ ಗ್ರೌಂಡಿಗೆ ಡಯೋಡ್ ಜೋಡಿಸಿ, ಆನೋಡ್ ಔಟ್‌ಪುಟ್ ಕಡೆಗಿರಲಿ. ಪಿನ್ ಹೈ ಇರುವಾಗ ಕೆಪಾಸಿಟರ್ ಡಯೋಡ್ ಮೂಲಕ ಚಾರ್ಜ್ ಆಗುತ್ತದೆ. ಪಿನ್ ಲೋ ಆದ ಕೂಡಲೇ ಔಟ್‌ಪುಟ್ ಸುಮಾರು −4.3 ವೋಲ್ಟಿಗೆ ಇಳಿಯುತ್ತದೆ. ಕಾಲಸ್ಥಿರಾಂಕ (ಕೆಪಾಸಿಟರ್ ಎಷ್ಟು ಬೇಗ ಖಾಲಿಯಾಗುತ್ತದೆ ಎಂಬುದರ ಅಳತೆ; ಇಲ್ಲಿ ಲೋಡ್ × ಕೆಪಾಸಿಟರ್) 1 ಮಿಲಿಸೆಕೆಂಡ್ ಆಗಿರುವುದರಿಂದ 10 ಮೈಕ್ರೋಸೆಕೆಂಡಿನಲ್ಲಿ ಪಲ್ಸ್‌ನ ಎತ್ತರ ಶೇ. 1ರಷ್ಟು ಮಾತ್ರ ಕುಗ್ಗುತ್ತದೆ.

ಉತ್ತರ 2: ಒಂದು ಮುಖ್ಯ ಸೇರ್ಪಡೆ. ಪಲ್ಸ್‌ಗಳ ನಡುವೆ ದೀರ್ಘ ಬಿಡುವಿದ್ದರೆ, ಉಳಿದ ಚಾರ್ಜನ್ನು ಲೋಡ್ ತುಂಬಿಸುವುದರಿಂದ ಎತ್ತರ −5 ವೋಲ್ಟನ್ನು ಸಮೀಪಿಸುತ್ತದೆ. ಕಡಿಮೆ ವೋಲ್ಟೇಜ್ ಕುಸಿತದ ಶಾಟ್ಕಿ ಡಯೋಡ್ ಬಳಸಿದರೆ −4.3 ಮತ್ತು −5ರ ನಡುವಿನ ಈ ವ್ಯತ್ಯಾಸ ತಗ್ಗುತ್ತದೆ.

ಉತ್ತರ 3: ಪಲ್ಸ್ ದೀರ್ಘವಾಗಿದ್ದರೆ ವೋಲ್ಟೇಜನ್ನು ಋಣಕ್ಕೆ ತಿರುಗಿಸುವ ಐಸಿಎಲ್7660 ಚಿಪ್‌ನಿಂದ −5 ವೋಲ್ಟ್ ಪಡೆದು, 4053 ಎಂಬ ಅನಲಾಗ್ ಸ್ವಿಚ್ ಚಿಪ್ ಮೂಲಕ ಕೊಡುವುದೇ ಉತ್ತಮ.