ಎನ್‌ಜಿಸಿ 253ರಲ್ಲಿ ರಂಜಕ: ಆ ಸಣ್ಣ ಉಬ್ಬು ಪಿಎನ್ ಹೌದಾ?

ಪ್ರಶ್ನೆ (ಎಂ.ಎಸ್ಸಿ ವಿದ್ಯಾರ್ಥಿನಿ, ದಾವಣಗೆರೆ): ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕದ ಆರ್ಕೈವ್‌ನಿಂದ ಎನ್‌ಜಿಸಿ 253 ಗೆಲಾಕ್ಸಿಯ ಆಲ್ಕೆಮಿ (ಅಲ್ಲಿನ ಅಣುಗಳ ಗೆರೆಗಳ ಸಮೀಕ್ಷೆ) ಡೇಟಾ ಇಳಿಸಿಕೊಂಡಿದ್ದೇನೆ. 2022ರಲ್ಲಿ ಇದರಲ್ಲೇ ರಂಜಕದ ಅಣು ಪಿಎನ್ (ರಂಜಕ + ಸಾರಜನಕ) ಸಿಕ್ಕಿತ್ತಲ್ಲ, ಹೊರ ಗೆಲಾಕ್ಸಿಯಲ್ಲಿ ಮೊದಲ ಸಲ. ಆದರೆ 93.98 ಗಿಗಾಹರ್ಟ್ಸ್‌ನಲ್ಲಿ ನನಗೆ ಏನೂ ಕಾಣುತ್ತಿಲ್ಲ, ಪಕ್ಕದಲ್ಲಿ ಸಣ್ಣ ಉಬ್ಬಿದೆ. ಅದೇನಾ?

ಉತ್ತರ: ಪಕ್ಕದಲ್ಲೇ ಇರಬೇಕು. ಆ ಗೆಲಾಕ್ಸಿ ಸೆಕೆಂಡಿಗೆ ಸುಮಾರು 240 ಕಿ.ಮೀ. ವೇಗದಲ್ಲಿ ದೂರ ಸರಿಯುತ್ತಿದೆ. ಹಾಗಾಗಿ 2–1 ಗೆರೆ (ಅಣು ತಿರುಗುವ 2ನೇ ಮಟ್ಟದಿಂದ 1ನೆಯದಕ್ಕೆ ಇಳಿದಾಗ ಬರುವುದು) 93.980ರಿಂದ 93.90ರ ಹತ್ತಿರಕ್ಕೆ, 3–2 ಗೆರೆ 140.968ರಿಂದ 140.85ಕ್ಕೆ ಇಳಿಯುತ್ತದೆ. ಗೆಲಾಕ್ಸಿ ತಿರುಗುವುದರಿಂದ ಒಂದೊಂದು ಮೋಡದ ವೇಗವೂ ಬೇರೆ. ಆದ್ದರಿಂದ ಇಡೀ ಡಿಸ್ಕ್ ಸರಾಸರಿ ಬೇಡ, ಗೆರೆ ಹರಡಿ ಮಾಯವಾಗುತ್ತದೆ. ಒಂದು ಮೋಡದ ಮೇಲೆ ಬೀಮ್‌ನಷ್ಟೇ (ದೂರದರ್ಶಕ ಬಿಡಿಸಿ ನೋಡಬಲ್ಲ ಅತಿ ಚಿಕ್ಕ ಜಾಗ), ಅಂದರೆ 1.6 ಆರ್ಕ್‌ಸೆಕೆಂಡ್ ಜಾಗದ ಸ್ಪೆಕ್ಟ್ರಮ್ ತೆಗೆಯಿರಿ. ಅಲ್ಲಿ ಅದು ಸುಮಾರು 90 ಜ್ಯೋತಿರ್ವರ್ಷ.

ಅದೇ ಜಾಗದ ಬಲವಾದ ಎಚ್‌ಸಿ3ಎನ್ (ಸಯನೋಅಸಿಟಿಲೀನ್ ಅಣು) ಗೆರೆಯಿಂದ ವೇಗ, ಅಗಲ ಅಳೆದು ಪಿಎನ್‌ಗೂ ಅವನ್ನೇ ಸ್ಥಿರವಾಗಿಡಿ. ಸಡಿಲ ಬಿಟ್ಟರೆ ಫಿಟ್ ಹೋಗಿ ನಾಯ್ಸ್‌ನ ಉಬ್ಬಿಗೂ ಕೂರುತ್ತದೆ. ಸೆಕೆಂಡಿಗೆ 80 ಕಿ.ಮೀ. ಅಗಲ ಅಂದರೆ ಇಲ್ಲಿ 25 ಮೆಗಾಹರ್ಟ್ಸ್. ಬೇಸ್‌ಲೈನ್‌ಗೆ (ಗೆರೆಗಳ ಕೆಳಗಿನ ಹಿನ್ನೆಲೆ ಮಟ್ಟಕ್ಕೆ) ಹೆಚ್ಚು ಡಿಗ್ರಿಯ ಪಾಲಿನಾಮಿಯಲ್ ಹಾಕಿದರೆ ಇಂಥ ದುರ್ಬಲ ಗೆರೆಯನ್ನೇ ಅದು ನುಂಗುತ್ತದೆ.

ಒಂದೇ ಗೆರೆ ನೋಡಿ ಸಿಕ್ಕಿತು ಅನ್ನಬೇಡಿ. 3–2 ಕೂಡ ಅದೇ ವೇಗದಲ್ಲಿ, ಅದೇ ಮಾದರಿಗೆ ಒಪ್ಪುವ ಎತ್ತರದಲ್ಲಿ ಬರಬೇಕು. ಅದರ ಪಕ್ಕದಲ್ಲೇ (ಸರಿಯುವ ಮೊದಲಿನ ಲೆಕ್ಕದಲ್ಲಿ 140.840ಕ್ಕೆ; ಅದೂ ಅಷ್ಟೇ ಇಳಿಯುತ್ತದೆ) ಫಾರ್ಮಾಲ್ಡಿಹೈಡ್‌ನ ದೊಡ್ಡ ಗೆರೆಯಿದೆ. ಅದರ ಅಂಚನ್ನು ಮೊದಲು ಮಾದರಿಮಾಡಿ ಕಳೆಯಿರಿ. 5–4, 6–5 (235, 282 ಗಿಗಾಹರ್ಟ್ಸ್) ಕಾಣಲಿಲ್ಲವೆಂದು ಗಾಬರಿ ಬೇಡ. ಪಿಎನ್‌ನ ಮೇಲಿನ ಮಟ್ಟಗಳು ತುಂಬಲು ಬಹಳ ಸಾಂದ್ರ ಅನಿಲ ಬೇಕು. ಅಲ್ಲಿ ಅದರ ಎಕ್ಸೈಟೇಶನ್ ತಾಪಮಾನ (ಮಟ್ಟಗಳು ಎಷ್ಟು ತುಂಬಿವೆ ಎಂಬುದರ ಅಳತೆ) ಕೆಲವೇ ಕೆಲ್ವಿನ್.

ಪ್ರಶ್ನೆ (ಪಿಯು ಉಪನ್ಯಾಸಕ, ಚಿತ್ರದುರ್ಗ): ನಮ್ಮ ಗೆಲಾಕ್ಸಿಯ ಮೋಡಗಳಲ್ಲಿ ಪಿಒ (ರಂಜಕ + ಆಮ್ಲಜನಕ) ಪ್ರಮಾಣ ಪಿಎನ್‌ಗಿಂತ ಹೆಚ್ಚು ಅಂತ ಓದಿದ್ದೆ. ಮತ್ತೆ ಎನ್‌ಜಿಸಿ 253ರಲ್ಲಿ ಅದೇಕೆ ಸಿಗಲಿಲ್ಲ?

ಉತ್ತರ: ಹೆಚ್ಚಿದ್ದರೂ ಹೊಳಪು ಕಡಿಮೆ. ಪಿಒ ದ್ವಿಧ್ರುವ (ಅಣುವಿನೊಳಗೆ ವಿದ್ಯುದಾವೇಶ ಎಷ್ಟು ಬೇರ್ಪಟ್ಟಿದೆ ಎಂಬ ಅಳತೆ) 1.88 ಡಿಬೈ, ಪಿಎನ್‌ದು 2.75; ಗೆರೆಯ ಬಲ ಅದರ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅಲ್ಲೇ ಇಮ್ಮಡಿ ನಷ್ಟ. ಮೇಲಾಗಿ ಪಿಒ ಬೆಳಕು 108.998, 109.045, 109.206, 109.281 ಗಿಗಾಹರ್ಟ್ಸ್ ಎಂದು ನಾಲ್ಕಾಗಿ ಹಂಚಿಹೋಗುತ್ತದೆ. ನಿಜವಾದ ತೊಂದರೆ ನೆರೆಹೊರೆಯದು: 109.174ರಲ್ಲಿ ಎಚ್‌ಸಿ3ಎನ್, 109.252ರಲ್ಲಿ ಎಸ್‌ಒ (ಗಂಧಕ + ಆಮ್ಲಜನಕ). ಕೊನೆಯೆರಡು ಪಿಒ ಗೆರೆಗಳಿಗೆ ಅವು ಸೆಕೆಂಡಿಗೆ 80–90 ಕಿ.ಮೀ. ಅಂತರದಲ್ಲಷ್ಟೇ ಇವೆ. ನಮ್ಮ ಗೆಲಾಕ್ಸಿಯ ಸಣ್ಣ ಮೋಡಗಳಲ್ಲಿ ಗೆರೆ ಕಿರಿದು, ಹಾಗಾಗಿ ಬೇರ್ಪಡುತ್ತವೆ. ಎನ್‌ಜಿಸಿ 253ರಲ್ಲಿ ಒಂದರ ಮೇಲೊಂದು ಬೀಳುತ್ತವೆ. ಉಳಿದ ಮೊದಲೆರಡರಿಂದ ಮೇಲ್ಮಿತಿ ಕೊಡಬಹುದು: 3 × ಆರ್‌ಎಂಎಸ್ × √(ಚಾನೆಲ್ ಅಗಲ × ಗೆರೆಯಗಲ). ಇಲ್ಲಿ ಆರ್‌ಎಂಎಸ್ ಅಂದರೆ ನಾಯ್ಸ್‌ನ ಮಟ್ಟ.

ಪ್ರಶ್ನೆ (ಚಳ್ಳಕೆರೆ): ನಮ್ಮ ಬಯಲು ಸೀಮೆಯಲ್ಲಿ ಮಳೆ ಕಮ್ಮಿ, ಆಕಾಶ ಶುಭ್ರ. ಇಲ್ಲೇ ಡಿಶ್ ಇಟ್ಟು ನೋಡಬಹುದಾ?

ಉತ್ತರ: ಪಿಎನ್ ಆಗುವುದಿಲ್ಲ. ಕಣ್ಣಿಗೆ ಶುಭ್ರವಾದ ಗಾಳಿಯಲ್ಲೂ ನೀರಾವಿ ಇರುತ್ತದೆ, ಈ ತರಂಗಗಳನ್ನು ಅದು ಹೀರುತ್ತದೆ. ಆಲ್ಮಾ 5,000 ಮೀಟರ್ ಎತ್ತರದ ಮರುಭೂಮಿಯಲ್ಲಿರುವುದು ಅದಕ್ಕೇ. ಪುಣೆ ಹತ್ತಿರದ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಕೂಡ ಸುಮಾರು 1.4 ಗಿಗಾಹರ್ಟ್ಸ್‌ವರೆಗೆ ಮಾತ್ರ. ಮನೆ ತಾರಸಿಯ ಡಿಶ್‌ಗೆ 1420 ಮೆಗಾಹರ್ಟ್ಸ್‌ನ ಹೈಡ್ರೋಜನ್ ಗೆರೆ ಸಿಗುತ್ತದೆ, ಖಂಡಿತ ಮಾಡಿ. ರಂಜಕಕ್ಕೆ ಆರ್ಕೈವ್ ಹಿಡಿಯಿರಿ, ದುಡ್ಡು ಬೇಡ. ಪೂರ್ತಿ ಇಳಿಸದೆ ಬೇಕಾದ ಸ್ಪೆಕ್ಟ್ರಲ್ ವಿಂಡೋದ (ಆವರ್ತನದ ತುಂಡಿನ) ಸಿದ್ಧ ಕ್ಯೂಬ್ (ಪ್ರತಿ ಆವರ್ತನಕ್ಕೂ ಒಂದು ಚಿತ್ರವಿರುವ ಕಡತ) ಮಾತ್ರ ತೆಗೆದುಕೊಂಡು ಕಾರ್ಟಾ ತಂತ್ರಾಂಶದಲ್ಲಿ ತೆರೆಯಿರಿ.